ಅಮ್ಮನಿಗೆ ಭೇದಿ ಮಾತ್ರೆ ದಿನಾ ಬೇಕಾಗುತ್ತಿದೆ, ಬಿಡಿಸುವುದು ಹೇಗೆ?

ತುಮಕೂರು ಮಗಳು

ವಿಷಯ ಸ್ವಲ್ಪ ಮುಜುಗರದ್ದು. ಆದರೂ ಕೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಬೆಳಗಾದರೆ ಇದೇ ಸುದ್ದಿ.

ಅಮ್ಮನಿಗೆ 68 ವರ್ಷ. ಎರಡು ತಿಂಗಳ ಹಿಂದೆ ಮಂಡಿ ಆಪರೇಷನ್ ಆಯಿತು. ಆವತ್ತಿನಿಂದ ಮೋಷನ್ ಸರಿಯಾಗಿ ಆಗುತ್ತಿಲ್ಲ. ಒಮ್ಮೆ ನಾಲ್ಕು ದಿನ ಹೊಟ್ಟೆ ಕಟ್ಟಿಕೊಂಡಿತ್ತು. ಪಕ್ಕದ ಮನೆ ಆಂಟಿ ಒಂದು ಪುಟ್ಟ ಹಳದಿ ಮಾತ್ರೆ ಕೊಟ್ಟರು. ಬಿಸಾಕೋಡಿಲ್ 5 ಮಿಲಿಗ್ರಾಂ ಅಂತ ಸ್ಟ್ರಿಪ್ ಮೇಲೆ ಇತ್ತು. ಅಮ್ಮ ರಾತ್ರಿ ಬಿಸಿ ಹಾಲಿನ ಜೊತೆ ನುಂಗಿದರು. ನಡುರಾತ್ರಿಯಿಂದಲೇ ಹೊಟ್ಟೆ ಹಿಂಡಿದ ಹಾಗಾಗಿ ನರಳಿದರು. ಬೆಳಗ್ಗೆ ಮೂರು ಸಲ ಹೋಯಿತು. 'ಅಬ್ಬಾ, ಈಗ ಹಗುರ ಆಯಿತು' ಅಂದರು.

ಮರುದಿನ ಏನೂ ಇಲ್ಲ. ಮತ್ತೊಂದು ಮಾತ್ರೆ. ಅದರ ಮರುದಿನ ಮತ್ತೆ ಇಲ್ಲ. ಹೀಗೆ ಶುರುವಾಗಿ ಈಗ ಮೂರು ವಾರದಿಂದ ದಿನಾ ರಾತ್ರಿ ಎರಡು ಮಾತ್ರೆ. 'ಮಾತ್ರೆ ಇಲ್ಲದಿದ್ದರೆ ನನಗೆ ಆಗುವುದೇ ಇಲ್ಲ' ಎಂದು ಹಟ. ಸ್ಟ್ರಿಪ್ ಖಾಲಿಯಾದರೆ ನನಗಿಂತ ಮೊದಲು ಮೆಡಿಕಲ್ ಶಾಪಿಗೆ ಫೋನ್ ಮಾಡುತ್ತಾರೆ.

ಇದು ಚಟ ಆಗುತ್ತದಾ? ಕರುಳು ಸೋಮಾರಿ ಆಗುತ್ತದೆ ಅಂತಾರಲ್ಲ, ನಿಜವಾ?

ಔಷಧದಂಗಡಿ

ಅಕ್ಕ, ಶಿವಮೊಗ್ಗದಲ್ಲಿ ಇಪ್ಪತ್ತು ವರ್ಷದಿಂದ ಮೆಡಿಕಲ್ಸ್ ಇಟ್ಟುಕೊಂಡಿದ್ದೇನೆ. ಈ ಕಥೆ ವಾರಕ್ಕೊಮ್ಮೆ ಕೇಳುತ್ತೇನೆ. ಮೊದಲು ಹಾಲಿನ ವಿಷಯ ಹೇಳುತ್ತೇನೆ, ಅದನ್ನು ಯಾರೂ ಹೇಳುವುದಿಲ್ಲ.

ಆ ಮಾತ್ರೆಯ ಮೇಲೆ ಒಂದು ಹೊದಿಕೆ ಇರುತ್ತದೆ. ಜಠರದ ಹುಳಿಯಲ್ಲಿ ಅದು ಕರಗುವುದಿಲ್ಲ, ಕೆಳಗೆ ಕರುಳಿಗೆ ಇಳಿದ ಮೇಲೆ ಕರಗಬೇಕು. ಹಾಲು ಕುಡಿದರೆ ಜಠರದ ಹುಳಿ ತಗ್ಗುತ್ತದೆ. ಹೊದಿಕೆ ಅಲ್ಲೇ ಬಿಚ್ಚಿಕೊಂಡು ಔಷಧ ಹೊಟ್ಟೆಯನ್ನೇ ಕೆರಳಿಸುತ್ತದೆ. ನಿಮ್ಮ ಅಮ್ಮನ ಹೊಟ್ಟೆ ಹಿಂಡಿದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಹಾಲು, ಗ್ಯಾಸಿನ ಜೆಲ್, ಆಂಟಾಸಿಡ್ ಮಾತ್ರೆ, ಇವಕ್ಕೂ ಇದಕ್ಕೂ ನಡುವೆ ಕನಿಷ್ಠ ಒಂದು ಗಂಟೆ ಬಿಡಬೇಕು. ನೀರಿನಲ್ಲಿ ನುಂಗಬೇಕು. ಅರ್ಧ ಮಾಡಬಾರದು, ಅಗಿಯಬಾರದು, ಪುಡಿ ಮಾಡಿ ಬಾಳೆಹಣ್ಣಿನಲ್ಲಿ ಇಡಬಾರದು. ಕೊನೆಯದನ್ನು ಎಷ್ಟು ಮನೆಯಲ್ಲಿ ಮಾಡುತ್ತಾರೆ ಅಂತ ಕೇಳಬೇಡಿ.

ದೊಡ್ಡವರಿಗೆ ಮಾಮೂಲಿ ಡೋಸ್ ರಾತ್ರಿ 5 ರಿಂದ 10 ಮಿಲಿಗ್ರಾಂ. ನಾನು ಮೊದಲ ಸಲದವರಿಗೆ ಒಂದೇ ಮಾತ್ರೆ ಅನ್ನುತ್ತೇನೆ. ಕೆಲಸ ಮಾಡಲು 6 ರಿಂದ 12 ಗಂಟೆ ಹಿಡಿಯುತ್ತದೆ. ಮಲದ್ವಾರದಲ್ಲಿ ಇಡುವ ಸಪೋಸಿಟರಿ ಬೇರೆ, ಅದು ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಮುಗಿಸುತ್ತದೆ. ಡಾಕ್ಟರ್ ಹೇಳದೆ ಒಂದು ವಾರಕ್ಕಿಂತ ಜಾಸ್ತಿ ಇದನ್ನು ತೆಗೆದುಕೊಳ್ಳಬಾರದು. ಮೂರು ವಾರ ದಿನಾ ಎರಡು ಅಂದರೆ ಇನ್ನು ನಮ್ಮ ಕೌಂಟರಿನ ಕೆಲಸ ಅಲ್ಲ ಅಕ್ಕ, ಡಾಕ್ಟರಿಗೆ ತೋರಿಸಿ.

ರಾತ್ರಿ ಬಸ್ಸು

6 ರಿಂದ 12 ಗಂಟೆ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕಿ ಸರ್. ನಾನು ರಾತ್ರಿ ಎಂಟಕ್ಕೆ ನುಂಗಿ ಹತ್ತಕ್ಕೆ ಬೆಂಗಳೂರಿನಿಂದ ಮಂಗಳೂರಿನ ಸ್ಲೀಪರ್ ಬಸ್ ಹತ್ತಿದೆ. 'ಊರು ಮುಟ್ಟಿದ ಮೇಲೆ ಆಗುತ್ತದೆ' ಎಂಬ ಲೆಕ್ಕ. ಶಿರಾಡಿ ಘಾಟಿಯ ತಿರುವುಗಳಲ್ಲಿ ನಾನು ನೆನೆಯದ ದೇವರಿಲ್ಲ. ಡ್ರೈವರಣ್ಣ ಒಳ್ಳೆಯವರು, ನಿಲ್ಲಿಸಿದರು. ಇಷ್ಟು ಸಾಕು.

ಹಿತ್ತಲ ಗಿಡ

ಈ ಕೆಮಿಕಲ್ ಮಾತ್ರೆ ಎಲ್ಲ ಯಾಕೆ ಮೇಡಂ? ನಮ್ಮ ಮನೆಯಲ್ಲಿ ಹದಿನೈದು ವರ್ಷದಿಂದ ಚೂರ್ಣ. ರಾತ್ರಿ ಒಂದು ಚಮಚ ಬಿಸಿನೀರಿನಲ್ಲಿ. ಪೂರ್ತಿ ಗಿಡಮೂಲಿಕೆ. ದಿನಾ ತೆಗೆದುಕೊಂಡರೂ ಏನೂ ಆಗುವುದಿಲ್ಲ. ಅಮ್ಮನಿಗೆ ಅದನ್ನೇ ಶುರು ಮಾಡಿ.

ಔಷಧದಂಗಡಿ

ಡಬ್ಬಿ ತಿರುಗಿಸಿ ಹಿಂಬದಿ ಓದಿ. ಸೋನಾಮುಖಿ, ಸನಾಯ್, ಸೆನ್ನಾ, ಸ್ವರ್ಣಪತ್ರಿ, ಇವುಗಳಲ್ಲಿ ಯಾವುದಾದರೂ ಇದೆಯಾ?

ಹಿತ್ತಲ ಗಿಡ

ಸೋನಾಮುಖಿ ಇದೆ. ಎಲ್ಲಕ್ಕಿಂತ ಮೇಲೆ ಅದೇ ಇದೆ. ಅದು ಎಲೆ ತಾನೇ?

ಔಷಧದಂಗಡಿ

ಎಲೆಯೇ. ನಮ್ಮ ಕಡೆ ನೆಲಾವರಿಕೆ ಅನ್ನುವುದೂ ಅದನ್ನೇ. ತಮಿಳುನಾಡಿನ ತಿರುನೆಲ್ವೇಲಿ ಕಡೆ ಹೊಲಗಟ್ಟಲೆ ಬೆಳೆಯುತ್ತಾರೆ, ಅಲ್ಲಿಂದ ಹೊರದೇಶಕ್ಕೂ ಹೋಗುತ್ತದೆ. ಅದರಲ್ಲಿರುವ ಸೆನ್ನೋಸೈಡ್ ದೊಡ್ಡ ಕರುಳಿಗೆ ಹೋಗುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಒಡೆಯುತ್ತವೆ. ಒಡೆದು ಬಂದ ವಸ್ತು ಕರುಳನ್ನು ಕೆರಳಿಸಿ ಹಿಂಡಿಸುತ್ತದೆ, ನೀರು ಬಿಡಿಸುತ್ತದೆ. ಬಿಸಾಕೋಡಿಲ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಎರಡೂ ಒಂದೇ ಗುಂಪಿನವು. ಅಂದರೆ ನೀವು ಹದಿನೈದು ವರ್ಷದಿಂದ ದಿನಾ ಭೇದಿ ಔಷಧವನ್ನೇ ತೆಗೆದುಕೊಳ್ಳುತ್ತಿದ್ದೀರಿ, ಎಷ್ಟು ಮಿಲಿಗ್ರಾಂ ಅಂತ ಮಾತ್ರ ಗೊತ್ತಿಲ್ಲ. ಚಮಚದಲ್ಲಿ ಗೋಪುರ ಮಾಡಿ ತೆಗೆದರೆ ಒಂದು ಲೆಕ್ಕ, ಸಮ ಮಾಡಿದರೆ ಇನ್ನೊಂದು.

ಮನೆಯ ಹಳೇ ಹರಳೆಣ್ಣೆಯೂ ಇದೇ ಗುಂಪು. ಕ್ರೆಮಾಫಿನ್ ಪ್ಲಸ್ ಎಂಬ ಸಿರಪ್‌ನಲ್ಲಿ ಸೋಡಿಯಂ ಪಿಕೋಸಲ್ಫೇಟ್ ಅಂತ ಇರುತ್ತದೆ, ಅದೂ ಇದೇ. 'ಪ್ಲಸ್' ಇಲ್ಲದ ಸಿರಪ್‌ನಲ್ಲಿ ಅದು ಇರುವುದಿಲ್ಲ. ಹೆಸರಲ್ಲಿ ಒಂದು ಪದ ನೋಡದೆ ಜನ ಮಾತ್ರೆ, ಚೂರ್ಣ, ಸಿರಪ್ ಮೂರನ್ನೂ ಒಟ್ಟಿಗೆ ಹೊಡೆಯುತ್ತಾರೆ.

ನಿವೃತ್ತ ಮೇಷ್ಟ್ರು

ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿದವನು ನಾನು. ಟೈಟ್ರೇಷನ್ ಮಾಡುವಾಗ ಒಂದು ಹನಿ ಹಾಕಿದರೆ ಗುಲಾಬಿ ಬಣ್ಣ ಬರುತ್ತದಲ್ಲ, ಫಿನಾಫ್ಥಲೀನ್, ನೆನಪಿದೆಯಾ? ಅದು ದಶಕಗಟ್ಟಲೆ ಭೇದಿ ಔಷಧವಾಗಿತ್ತು. ಹೊರದೇಶಗಳಲ್ಲಿ ಚಾಕೊಲೇಟ್ ರೂಪದಲ್ಲಿ ಮಾರುತ್ತಿದ್ದರು. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಕ್ಯಾನ್ಸರ್ ಸುಳಿವು ಕಂಡಿತು. 1999ರಲ್ಲಿ ಅಮೆರಿಕದ ಔಷಧ ಇಲಾಖೆ ಅದನ್ನು ಚೀಟಿ ಇಲ್ಲದೆ ಕೊಳ್ಳುವ ಔಷಧಗಳ ಪಟ್ಟಿಯಿಂದ ತೆಗೆಯಿತು. ಬಿಸಾಕೋಡಿಲ್ ರಚನೆಯಲ್ಲಿ ಅದರ ನೆಂಟ, ಆದರೆ ಅದನ್ನು ತೆಗೆಯಲಿಲ್ಲ. ನೆಂಟ ಅಂದ ಮಾತ್ರಕ್ಕೆ ಗುಣ ಒಂದೇ ಅಲ್ಲ, ಅಲ್ವಾ.

ಹಿತ್ತಲ ಗಿಡದವರು ಬೇಜಾರು ಮಾಡಿಕೊಳ್ಳಬಾರದು. 2002ರಲ್ಲಿ ಅದೇ ಇಲಾಖೆ ಲೋಳೆಸರದಿಂದ ಮಾಡಿದ ಭೇದಿ ಔಷಧವನ್ನೂ ತೆಗೆಯಿತು. ಅದು ಸುರಕ್ಷಿತ ಅನ್ನುವುದಕ್ಕೆ ಸಾಕಷ್ಟು ಪುರಾವೆಯನ್ನು ಯಾರೂ ಕೊಡಲಿಲ್ಲ. ಗಿಡವೋ ಗಾಜಿನ ಬೀಕರೋ, ಕರುಳಿಗೆ ಗೊತ್ತಾಗುವುದಿಲ್ಲ.

ನಾವು ಚಿಕ್ಕವರಿದ್ದಾಗ ಭಾನುವಾರ ಬೆಳಗ್ಗೆ ಮೂಗು ಹಿಡಿದು ಹರಳೆಣ್ಣೆ ಕುಡಿಸುತ್ತಿದ್ದರು. 'ಹರಳೆಣ್ಣೆ ಕುಡಿದ ಮುಖ' ಅನ್ನುವ ಮಾತು ಅಲ್ಲಿಂದಲೇ ಬಂದದ್ದು. ಈಗಲೂ ಆ ವಾಸನೆ ಬಂದರೆ ನನಗೆ ಭಾನುವಾರ ಅನ್ನಿಸುತ್ತದೆ.

ಹೊಟ್ಟೆ ಡಾಕ್ಟರ್

ನಾನು ಜೀರ್ಣಾಂಗದ ಡಾಕ್ಟರ್, ಧಾರವಾಡದವನು. ಇಲ್ಲಿ ಯಾರಿಗೂ ಚಿಕಿತ್ಸೆ ಬರೆದುಕೊಡುವುದಿಲ್ಲ. ಆದರೆ ತುಮಕೂರಿನವರ ಮೊದಲ ಪೋಸ್ಟಿನಲ್ಲಿ ಒಂದು ವಾಕ್ಯ ನನ್ನ ಕಣ್ಣಿಗೆ ಬಿತ್ತು. 'ಮರುದಿನ ಏನೂ ಇಲ್ಲ. ಮತ್ತೊಂದು ಮಾತ್ರೆ.' ಇಡೀ ಸಮಸ್ಯೆ ಆ ಎರಡು ವಾಕ್ಯಗಳ ನಡುವೆ ಇದೆ.

ಮಾಮೂಲಿಯಾಗಿ ಮೋಷನ್ ಆದಾಗ ದೊಡ್ಡ ಕರುಳಿನ ಕೊನೆಯ ಭಾಗ ಮಾತ್ರ ಖಾಲಿ ಆಗುತ್ತದೆ. ಭೇದಿ ಮಾತ್ರೆ ಮೇಲಿನದನ್ನೂ ತಳ್ಳಿಬಿಡುತ್ತದೆ. ನಾಳೆಯದು, ನಾಡಿದ್ದಿನದು ಎಲ್ಲಾ ಇವತ್ತೇ ಹೋಗಿರುತ್ತದೆ. ಮತ್ತೆ ತುಂಬಲು ಎರಡು ಮೂರು ದಿನ ಬೇಕು. ಕೆರೆ ಕೋಡಿ ಒಡೆದು ನೀರೆಲ್ಲ ಹೋದ ಮೇಲೆ ಮರುದಿನ ತೂಬಿನಲ್ಲಿ ನೀರು ಬರಲಿಲ್ಲ ಅಂದರೆ ತೂಬು ಕೆಟ್ಟಿದೆ ಅಂತಲಾ? ಜನ ಆ ಖಾಲಿ ದಿನವನ್ನು ಮಲಬದ್ಧತೆ ಅಂದುಕೊಳ್ಳುತ್ತಾರೆ. ಹೆದರಿ ಮತ್ತೆ ಮಾತ್ರೆ ನುಂಗುತ್ತಾರೆ. ಕರುಳು ತುಂಬಲು ಅವಕಾಶವೇ ಸಿಗುವುದಿಲ್ಲ. ಆಮೇಲೆ 'ಮಾತ್ರೆ ಇಲ್ಲದೆ ಆಗುವುದಿಲ್ಲ' ಅನ್ನುವುದು ಅವರ ಮಟ್ಟಿಗೆ ನಿಜವೇ ಆಗುತ್ತದೆ.

ದಿನಾ ಆಗಲೇಬೇಕು ಅನ್ನುವುದೂ ಇಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ, ತಿಣುಕದೆ ಸಲೀಸಾಗಿ ಆದರೆ, ಅದು ಸರಿಯೇ.

ಕರುಳು ಸೋಮಾರಿ ಆಗುತ್ತದಾ ಎಂದು ಕೇಳಿದ್ದೀರಿ. ಈ ಮಾತ್ರೆಗಳು ಕರುಳಿನ ನರಗಳನ್ನು ಸಾಯಿಸುತ್ತವೆ ಅನ್ನುವ ಹಳೇ ಹೆದರಿಕೆಗೆ ಗಟ್ಟಿ ಪುರಾವೆ ಇಲ್ಲ, ಮಾಮೂಲಿ ಡೋಸಿನಲ್ಲಂತೂ ಇಲ್ಲ. ಸೋನಾಮುಖಿ ವರ್ಷಗಟ್ಟಲೆ ತೆಗೆದುಕೊಂಡವರ ಕರುಳಿನ ಒಳಗೋಡೆ ಕಂದು ಕಪ್ಪಾಗುವುದನ್ನು ಕೊಲೊನೋಸ್ಕೋಪಿಯಲ್ಲಿ, ಅಂದರೆ ಕ್ಯಾಮೆರಾ ಹಾಕಿ ಕರುಳು ನೋಡುವಾಗ, ನೋಡುತ್ತಿರುತ್ತೇನೆ. ನೋಡಲು ಗಾಬರಿ ಆಗುತ್ತದೆ, ಆದರೆ ಅದು ಕ್ಯಾನ್ಸರ್ ಅಲ್ಲ, ಬಿಟ್ಟ ಮೇಲೆ ತಿಂಗಳುಗಳಲ್ಲಿ ಮಾಸುತ್ತದೆ. ಅದಕ್ಕಾಗಿ 'ಭೇದಿ ಮಾತ್ರೆ ವಿಷ' ಅನ್ನುವವರ ಜೊತೆಗೂ ನಾನಿಲ್ಲ. 2023ರ ಅಮೆರಿಕದ ತಜ್ಞರ ಮಾರ್ಗಸೂಚಿಯಲ್ಲೂ ಬಿಸಾಕೋಡಿಲ್ ಮತ್ತು ಪಿಕೋಸಲ್ಫೇಟ್‌ಗೆ ಬಲವಾದ ಶಿಫಾರಸು ಇದೆ, ಆದರೆ ನಾಲ್ಕು ವಾರದೊಳಗಿನ ಬಳಕೆಗೆ ಅಥವಾ ಆಗೊಮ್ಮೆ ಈಗೊಮ್ಮೆ ಆಪತ್ಕಾಲಕ್ಕೆ.

ನನ್ನ ಪ್ರಶ್ನೆ ಬೇರೆ. ಅಮ್ಮ ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ? ಪೂರ್ತಿ ಪಟ್ಟಿ ಹಾಕಿ. ಕಾಲು ಸೆಳೆತ, ಸುಸ್ತು, ತಲೆಸುತ್ತು ಇದೆಯಾ?

ತುಮಕೂರು ಮಗಳು

ಸರ್, ಪಟ್ಟಿ ಇದು. ಬಿಪಿಗೆ ಅಮ್ಲೋಡಿಪಿನ್ ಮತ್ತು ಕ್ಲೋರ್‌ಥಾಲಿಡೋನ್. ಮಂಡಿ ನೋವಿಗೆ ಟ್ರಮಡಾಲ್ ಇರುವ ಮಾತ್ರೆ, ದಿನಕ್ಕೆ ಎರಡು. ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ. ಕ್ಯಾಲ್ಸಿಯಂ.

ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ ಅಂತ ವಾರದಿಂದ ಹೇಳುತ್ತಿದ್ದಾರೆ. ಆಪರೇಷನ್ ಆದ ಕಾಲಲ್ವಾ ಅಂತ ನಾನು ಎಣ್ಣೆ ಹಚ್ಚುತ್ತಿದ್ದೆ.

ಹೊಟ್ಟೆ ಡಾಕ್ಟರ್

ಆಪರೇಷನ್ ಆದ ಕಾಲು ಬಾತು, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಹಾಗಿದ್ದರೆ ಇವತ್ತೇ ಆಸ್ಪತ್ರೆಗೆ ಹೋಗಿ, ಅಲ್ಲಿಯವರೆಗೆ ತಿಕ್ಕಬೇಡಿ.

ಹಾಗೇನೂ ಇಲ್ಲದಿದ್ದರೂ ನಾಳೆಯೇ ಹೋಗಿ ರಕ್ತದಲ್ಲಿ ಪೊಟ್ಯಾಸಿಯಂ, ಸೋಡಿಯಂ, ಕ್ರಿಯಾಟಿನಿನ್ ನೋಡಿಸಿ. ಕ್ಲೋರ್‌ಥಾಲಿಡೋನ್ ಮೂತ್ರದಲ್ಲಿ ಪೊಟ್ಯಾಸಿಯಂ ಕಳೆಯುತ್ತದೆ. ದಿನಾ ಭೇದಿ ಮಾಡಿಸಿದರೆ ಆ ದಾರಿಯಲ್ಲೂ ಹೋಗುತ್ತದೆ. ಎರಡು ಕಡೆಯಿಂದ ಸೋರಿದರೆ ಸ್ನಾಯು ಸೆಳೆತ ಬರುತ್ತದೆ, ತೀರಾ ಇಳಿದರೆ ಹೃದಯದ ಬಡಿತವೇ ತಪ್ಪುತ್ತದೆ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು. ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅದನ್ನು ಬರೆದವರ ಹತ್ತಿರ ಮಾತಾಡಿ.

ಇನ್ನು ಮಲಬದ್ಧತೆಯ ಮೂಲ. ನಿಮ್ಮ ಪಟ್ಟಿಯಲ್ಲೇ ಇದೆ. ಟ್ರಮಡಾಲ್ ಅಫೀಮಿನ ಜಾತಿಯ ನೋವಿನ ಔಷಧ, ಕರುಳಿನ ನಡೆಯನ್ನೇ ನಿಧಾನ ಮಾಡುತ್ತದೆ. ಕಬ್ಬಿಣ ಕಟ್ಟಿಸುತ್ತದೆ. ಕ್ಯಾಲ್ಸಿಯಂ ಕಟ್ಟಿಸುತ್ತದೆ. ಅಮ್ಲೋಡಿಪಿನ್ ಕೆಲವರಿಗೆ ಕಟ್ಟಿಸುತ್ತದೆ. ಜೊತೆಗೆ ಓಡಾಟ ಇಲ್ಲ. ಒಂದು ಕಡೆ ಮೂರ್ನಾಲ್ಕು ಮಾತ್ರೆ ಬ್ರೇಕ್ ಹಾಕುತ್ತಿವೆ, ಇನ್ನೊಂದು ಕಡೆ ಇನ್ನೊಂದು ಮಾತ್ರೆಯಿಂದ ನೀವು ಆಕ್ಸಿಲೇಟರ್ ಒತ್ತುತ್ತಿದ್ದೀರಿ. ಆಪರೇಷನ್ ಆಗಿ ಎರಡು ತಿಂಗಳಾದ ಮೇಲೂ ಟ್ರಮಡಾಲ್ ಬೇಕಾ ಎಂದು ಮೂಳೆ ಡಾಕ್ಟರನ್ನು ಕೇಳಿ. ಅದನ್ನೂ ದಿಢೀರ್ ಬಿಡುವುದಲ್ಲ, ಅವರು ಹೇಳಿದ ಹಾಗೆ ಇಳಿಸಬೇಕು.

ಹುಬ್ಬಳ್ಳಿ ಅಳಿಯ

ನಮ್ಮ ಮಾವನವರಿಗೆ ಕ್ಯಾನ್ಸರ್ ನೋವಿಗೆ ಮಾರ್ಫಿನ್ ಕೊಡುತ್ತಿದ್ದಾರೆ. ಅವರಿಗೆ ಡಾಕ್ಟರೇ ದಿನಾ ಸೆನ್ನಾ ಬರೆದಿದ್ದಾರಲ್ಲ, ಅದು ತಪ್ಪಾ ಹಾಗಾದರೆ? ಇಲ್ಲಿ ಓದಿ ಗಾಬರಿ ಆಯಿತು ನೋಡ್ರಿ.

ಹೊಟ್ಟೆ ಡಾಕ್ಟರ್

ತಪ್ಪಲ್ಲ, ದಯವಿಟ್ಟು ನಿಲ್ಲಿಸಬೇಡಿ. ಮಾರ್ಫಿನ್ ನಡೆಯುವಷ್ಟು ದಿನ ಕರುಳಿನ ಬ್ರೇಕ್ ತೆಗೆಯಲು ಆಗುವುದಿಲ್ಲ, ಅಲ್ಲಿ ದಿನಾ ಇಂಥ ಔಷಧ ಕೊಡುವುದೇ ಸರಿ. ಅಂಥವರಿಗೆ ಇಸಬ್ಗೋಲ್ ಒಳ್ಳೆಯದಲ್ಲ, ನಿಧಾನವಾದ ಕರುಳಿನಲ್ಲಿ ಅದು ಗಂಟಾಗಿ ಕೂರಬಹುದು. ಡಾಕ್ಟರ್ ನೋಡಿಕೊಂಡು ದಿನಾ ಕೊಡುವುದು ಒಂದು. ಆಂಟಿ ಕೊಟ್ಟ ಸ್ಟ್ರಿಪ್ ಮೂರು ವಾರ ನಡೆಯುವುದು ಇನ್ನೊಂದು.

ಲೆಸ್ಟರ್ ಕನ್ನಡತಿ

ಇಂಗ್ಲೆಂಡಿನಲ್ಲಿ ಇದ್ದೇನೆ. ಇಲ್ಲಿ 2020ರಿಂದ ಇಂಥ ಭೇದಿ ಮಾತ್ರೆಗಳ ಮಾರಾಟಕ್ಕೆ ನಿಯಮ ಬಿಗಿ ಮಾಡಿದರು. ಸೂಪರ್ ಮಾರ್ಕೆಟ್ಟಿನಲ್ಲಿ ಮಾಮೂಲಿ ಶಕ್ತಿಯ ಮಾತ್ರೆಯ ಪ್ಯಾಕ್‌ನಲ್ಲಿ 20ಕ್ಕಿಂತ ಜಾಸ್ತಿ ಇರುವಂತಿಲ್ಲ, ಅದೂ 18 ದಾಟಿದವರಿಗೆ ಮಾತ್ರ. ದೊಡ್ಡ ಪ್ಯಾಕ್ ಬೇಕಾದರೆ ಫಾರ್ಮಸಿಸ್ಟ್ ಹತ್ತಿರ ಹೋಗಬೇಕು. 12 ವರ್ಷದೊಳಗಿನ ಮಕ್ಕಳಿಗೆ ಡಾಕ್ಟರ್ ಚೀಟಿ ಬೇಕೇ ಬೇಕು. ತೂಕ ಇಳಿಸಲು ಹುಡುಗಿಯರು ತೆಗೆದುಕೊಳ್ಳುತ್ತಾರೆ ಅನ್ನುವುದೂ ಈ ನಿಯಮಕ್ಕೆ ಒಂದು ಕಾರಣ.

ಹೆಸರು ಬೇಡ

ಮೇಲಿನದು ಓದಿ ಬರೆಯುತ್ತಿದ್ದೇನೆ. ಹಾಸ್ಟೆಲ್‌ನಲ್ಲಿ ಇದ್ದೇನೆ, 20 ವರ್ಷ. ಬಿರಿಯಾನಿ, ಗೋಬಿ ತಿಂದ ದಿನ ಮಾತ್ರೆ ತೆಗೆದುಕೊಳ್ಳುತ್ತೇನೆ. ಮರುದಿನ ತೂಕದ ಮಷಿನ್‌ನಲ್ಲಿ ಒಂದು ಕೆಜಿ ಕಡಿಮೆ ತೋರಿಸುತ್ತದೆ. ಮೊದಲು ಒಂದು ಸಾಕಾಗುತ್ತಿತ್ತು. ಈಗ ಎಷ್ಟು ಅಂತ ಹೇಳಲು ನಾಚಿಕೆ.

ಹೊಟ್ಟೆ ಡಾಕ್ಟರ್

ಬರೆದದ್ದು ಒಳ್ಳೆಯದಾಯಿತಮ್ಮ. ತಿಂದದ್ದರ ಶಕ್ತಿಯಲ್ಲಿ ಬಹುಪಾಲು ಸಣ್ಣ ಕರುಳಿನಲ್ಲೇ ದೇಹಕ್ಕೆ ಸೇರಿಬಿಡುತ್ತದೆ. ಈ ಮಾತ್ರೆ ಕೆಲಸ ಮಾಡುವುದು ಅದಾದ ಮೇಲೆ ಬರುವ ದೊಡ್ಡ ಕರುಳಿನಲ್ಲಿ. ಮಷಿನ್ ತೋರಿಸಿದ ಆ ಒಂದು ಕೆಜಿ ಬರೀ ನೀರು. ಎರಡು ಲೋಟ ಮಜ್ಜಿಗೆ, ಒಂದು ಊಟ ಆದರೆ ವಾಪಸ್ ಬರುತ್ತದೆ. ಕೊಬ್ಬು ಎಲ್ಲಿತ್ತೋ ಅಲ್ಲೇ ಇರುತ್ತದೆ, ಪೊಟ್ಯಾಸಿಯಂ ಮಾತ್ರ ಹೋಗಿರುತ್ತದೆ. ಎದೆ ಡವಗುಟ್ಟುವುದು, ತಲೆಸುತ್ತಿ ಬೀಳುವುದು ಆದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇಲ್ಲದಿದ್ದರೂ ಒಂದು ಸಲ ರಕ್ತ ಪರೀಕ್ಷೆ ಮಾಡಿಸು.

ಜೊತೆಗೆ 14416ಕ್ಕೆ ಒಂದು ಫೋನ್ ಮಾಡು. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಮಾತ್ರೆ ಲೆಕ್ಕ ಏರುತ್ತಿರುವುದನ್ನು ನೀನೇ ಗಮನಿಸಿದ್ದೀಯ. ಅದನ್ನು ಅವರಿಗೂ ಹೇಳು.

ಲೆಸ್ಟರ್ ಕನ್ನಡತಿ

ಹೆಸರು ಬೇಡ, ನನಗೂ ಕಾಲೇಜಿನಲ್ಲಿ ಇದೇ ಇತ್ತು. ಮಾತಾಡಬೇಕು ಅನ್ನಿಸಿದರೆ ಮೆಸೇಜ್ ಮಾಡು.

ಕೂಸಿನ ತಾಯಿ

ಎರಡು ತಿಂಗಳ ಮಗು, ಎದೆಹಾಲು ಮಾತ್ರ. ನಾಲ್ಕು ದಿನದಿಂದ ಮಾಡಿಲ್ಲ. ವೀಳ್ಯದೆಲೆ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಇಡು ಅಂತ ಅತ್ತೆ ಹೇಳುತ್ತಿದ್ದಾರೆ. ಇಡಬಹುದಾ?

ಹೊಟ್ಟೆ ಡಾಕ್ಟರ್

ಬೇಡ. ತೊಟ್ಟು ತರಚಿದರೆ ಆ ನೋವಿಗೆ ಮಗು ಇನ್ನೂ ತಡೆದುಕೊಳ್ಳುತ್ತದೆ. ಆರು ವಾರ ದಾಟಿದ ಎದೆಹಾಲಿನ ಮಕ್ಕಳು ಕೆಲವು ದಿನ, ಕೆಲವೊಮ್ಮೆ ವಾರವೇ ಬಿಟ್ಟು ಮಾಡುವುದುಂಟು. ಹಾಲು ಚೆನ್ನಾಗಿ ಕುಡಿಯುತ್ತಾ, ಮೂತ್ರ ಮಾಡುತ್ತಾ, ತೂಕ ಏರುತ್ತಾ ಇದ್ದು, ಮಾಡಿದಾಗ ಮೆತ್ತಗಿದ್ದರೆ ಸರಿ. ಹೊಟ್ಟೆ ಉಬ್ಬಿದ್ದರೆ, ವಾಂತಿ ಇದ್ದರೆ, ಹಾಲು ಬಿಟ್ಟರೆ, ರಕ್ತ ಕಂಡರೆ ಇವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ. ಭೇದಿ ಔಷಧ ಯಾವುದೂ ಕೂಡದು. ಅತ್ತೆಯವರಿಗೆ ಡಾಕ್ಟರ್ ಬೇಡ ಅಂದರು ಎಂದು ನನ್ನ ಮೇಲೆ ಹಾಕಿ, ನಿಮ್ಮ ಮೇಲೆ ಬೇಡ.

ಗರ್ಭಿಣಿಯರೂ ಹರಳೆಣ್ಣೆ ಕುಡಿಯಬಾರದು, ಗರ್ಭಕೋಶ ಹಿಂಡಿಸಬಹುದು.

ಔಷಧದಂಗಡಿ

ನಮ್ಮ ಕೌಂಟರಿನಲ್ಲಿ ನಾನು ಈ ಮಾತ್ರೆ ಕೊಡದೆ ವಾಪಸ್ ಕಳಿಸುವುದು ಯಾರನ್ನು ಅಂತಲೂ ಹೇಳಿಬಿಡುತ್ತೇನೆ. ಹೊಟ್ಟೆ ಜೋರಾಗಿ ನೋಯುತ್ತಿದೆ, ವಾಂತಿ ಇದೆ, ಉಬ್ಬಿದೆ, ಗಾಳಿಯೂ ಹೋಗುತ್ತಿಲ್ಲ ಅನ್ನುವವರು. ಕರುಳು ಅಡ್ಡಗಟ್ಟಿದ್ದರೆ ಅಥವಾ ಅಪೆಂಡಿಕ್ಸ್ ಆಗಿದ್ದರೆ ಹಿಂಡಿಸುವ ಮಾತ್ರೆ ಅನಾಹುತ ಮಾಡುತ್ತದೆ. ಮಲದಲ್ಲಿ ರಕ್ತ ಅನ್ನುವವರು, ಕಾರಣ ಇಲ್ಲದೆ ತೂಕ ಇಳಿದವರು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದವರು. ಮೂಲವ್ಯಾಧಿ ಅಂತ ಅವರೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ನಾನು ಮಾರದಿದ್ದರೆ ಪಕ್ಕದ ಅಂಗಡಿಯಲ್ಲಿ ಸಿಗುತ್ತದೆ, ಅದೇ ಬೇಜಾರು.

ಹಿತ್ತಲ ಗಿಡ

ಎರಡು ದಿನದಿಂದ ಓದುತ್ತಿದ್ದೇನೆ. ಮೊದಲು ಸಿಟ್ಟು ಬಂದಿತ್ತು, ನಿಜ ಹೇಳುತ್ತೇನೆ. ಮೂತ್ರ ಆಗಾಗ ಕಂದು ಕೆಂಪು ಬರುತ್ತದೆ. ನಾನು ನೀರು ಕಡಿಮೆ ಅಂದುಕೊಂಡಿದ್ದೆ. ಅದೂ ಸೋನಾಮುಖಿಯಾ?

ಔಷಧದಂಗಡಿ

ಸೋನಾಮುಖಿಯಿಂದ ಮೂತ್ರದ ಬಣ್ಣ ಬದಲಾಗುವುದುಂಟು ಸರ್. ಆದರೆ ಅದೇ ಅಂತ ಇಲ್ಲೇ ತೀರ್ಮಾನ ಬೇಡ. ಮೂತ್ರ ಪರೀಕ್ಷೆ ಮಾಡಿಸಿ, ಅಗ್ಗದ್ದು.

ತುಮಕೂರು ಮಗಳು

ಮೂರೂವರೆ ವಾರ ಆಯಿತು, ಏನಾಯಿತು ಅಂತ ಬರೆಯುತ್ತೇನೆ.

ಕಾಲು ಬಾತಿರಲಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ 3.1 ಬಂತು. 3.5 ಇರಬೇಕಂತೆ. ಡಾಕ್ಟರ್ ಬಿಪಿ ಮಾತ್ರೆ ಬದಲಿಸಿದರು, ಪೊಟ್ಯಾಸಿಯಂ ಸಿರಪ್ ಕೊಟ್ಟರು. ಕಾಲು ಸೆಳೆತ ನಿಂತಿತು. ಮೂಳೆ ಡಾಕ್ಟರ್ ಟ್ರಮಡಾಲ್ ಇಳಿಸುತ್ತಾ ನಿಲ್ಲಿಸಿ ಪ್ಯಾರಾಸಿಟಮಾಲ್‌ಗೆ ತಂದರು. ಭೇದಿ ಮಾತ್ರೆ ಬದಲು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, ನೀರಿನಲ್ಲಿ ಕಲಸಿ ಕುಡಿಯುವುದು. ಅದು ಹಿಂಡುವುದಿಲ್ಲವಂತೆ, ಮಲದಲ್ಲಿ ನೀರು ಹಿಡಿದಿಡುತ್ತದಂತೆ. ಮೂರು ದಿನ ಪೂರ್ತಿ ಆಗದಿದ್ದರೆ ಮಾತ್ರ ಒಂದು ಬಿಸಾಕೋಡಿಲ್, ನೀರಿನಲ್ಲಿ.

ಮೊದಲ ಖಾಲಿ ದಿನ ಮನೆಯಲ್ಲಿ ಯುದ್ಧ. ಎರಡನೇ ದಿನ ಅಮ್ಮ ನನ್ನ ಜೊತೆ ಮಾತು ಬಿಟ್ಟರು. ಡಾಕ್ಟರ್ ಹೇಳಿದ ಕೆರೆ, ತೂಬಿನ ಮಾತು ಹೇಳಿದೆ. 'ನನ್ನ ಹೊಟ್ಟೆ ಕೆರೆಯಾ?' ಅಂದರು. ಮೂರನೇ ದಿನ ಬೆಳಗ್ಗೆ ಕಾಫಿ ಕುಡಿದು ಹತ್ತು ನಿಮಿಷಕ್ಕೆ ತಾನಾಗಿಯೇ ಆಯಿತು. ಊರಿಗೆಲ್ಲ ಫೋನ್ ಮಾಡಿ ಹೇಳುವುದೊಂದು ಬಾಕಿ.

ಇನ್ನೊಂದು. ಕಮೋಡ್ ಮೇಲೆ ಕೂತರೆ ಅಮ್ಮನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ, ತೂಗಾಡುತ್ತಿತ್ತು. ಫಿಸಿಯೋ ಕೇಳಿ ಕಾಲಡಿಗೆ ಒಂದು ಗಿಡ್ಡ ಮಣೆ ಇಡೋಣ ಅಂದೆ. 'ಹಬ್ಬಕ್ಕೆ ಊಟಕ್ಕೆ ಹಾಕುವ ಮಣೆಯನ್ನು ಸಂಡಾಸಿಗೆ ಒಯ್ಯುತ್ತೀಯಾ?' ಎಂದು ಮತ್ತೊಂದು ಯುದ್ಧ. ಪ್ಲಾಸ್ಟಿಕ್ ಸ್ಟೂಲ್ ತಂದೆವು.

ಈ ವಾರ ಬಿಸಾಕೋಡಿಲ್ ಒಂದೂ ತೆಗೆದುಕೊಂಡಿಲ್ಲ. ಸ್ಟ್ರಿಪ್ ಮಾತ್ರ ಇನ್ನೂ ದಿಂಬಿನ ಕೆಳಗೇ ಇದೆ, ಮುಟ್ಟಲು ಬಿಡುವುದಿಲ್ಲ.

ಔಷಧದಂಗಡಿ

ಇರಲಿ ಬಿಡಿ ಅಕ್ಕ. ಎಕ್ಸ್‌ಪೈರಿ ಒಂದು ನೋಡಿ.